ಬೀಗರು ಕೊಟ್ಟ ಎಲೆ

ಚುನಾವಣೆ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಮಕ್ಕಳು ಓಟು ಹಾಕಿ ಬಂದು ಬೆರಳಿನ ಶಾಯಿ ತೋರಿಸಿದರೆ, ಹೋಗ್ರಿ ಆ ಕಡೆ ಎಂದು ಬೈದುಬಿಡುತ್ತೇನೆ. ಅವ್ವನಿಗೆ ವಯಸ್ಸಾಯಿತು, ಸಿಟ್ಟು ಜಾಸ್ತಿ ಆಯಿತು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಈ ಸಿಟ್ಟು ವಯಸ್ಸಾದ ಮೇಲೆ ಬಂದದ್ದಲ್ಲ, ಹತ್ತೊಂಬತ್ತರಲ್ಲೇ ಬಂದದ್ದು.

ನಮ್ಮೂರು ಅಣ್ಣಿಗೇರಿಯ ಆಚೆ, ಎರೆಹೊಲಗಳ ನಡುವೆ. ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಅದರೊಳಗೆ ಕುರಿ ಮೇಯುತ್ತಿದ್ದವು. ಮಳೆಗಾಲದಲ್ಲಿ ಅದೇ ಹಳ್ಳ ಎತ್ತು ಹೂಡಿದ ಚಕ್ಕಡಿಯನ್ನೂ ಎಳೆದುಕೊಂಡು ಹೋಗುತ್ತಿತ್ತು. ನಾನು ಏಳನೆಯ ಇಯತ್ತೆ ಪಾಸಾದಾಗ ಮಾಸ್ತರರು ಮನೆಗೇ ಬಂದು, ಇವಳನ್ನು ಬಿಡಿಸಬೇಡಿ ಎಂದು ಹೇಳಿ ಹೋಗಿದ್ದರು. ಹೈಸ್ಕೂಲು ಅಣ್ಣಿಗೇರಿಯಲ್ಲಿ. ಆ ವರ್ಷದ ಶ್ರಾವಣದಲ್ಲಿ ಹಳ್ಳ ದಾಟುವಾಗ ನನ್ನ ಓರಗೆಯ ಹುಡುಗಿಯೊಬ್ಬಳು ಕಾಲು ಜಾರಿ ಕೊಚ್ಚಿಕೊಂಡು ಹೋಗಿ, ಜಾಲಿ ಕಂಟಿ ಹಿಡಿದು ಬದುಕಿದಳು. ಮರುದಿನದಿಂದ ಊರಿನ ಹೆಣ್ಣುಮಕ್ಕಳ ಓದು ಮುಗಿಯಿತು. ಪಾಟಿಚೀಲವನ್ನು ಗೂಟಕ್ಕೆ ಹಾಕಿ ನಾನು ಹತ್ತಿ ಬಿಡಿಸಲು ಹೋದೆ.

ಆ ಹಳ್ಳಕ್ಕೆ ಸೇತುವೆ ಕಟ್ಟಿಸುತ್ತೇವೆ ಎಂದು ಹೇಳದೆ ಹೋದವರಿಲ್ಲ. ಲೋಕಸಭೆ ಚುನಾವಣೆಗೆ ನಮ್ಮವರು ದಿಲ್ಲಿ ಓಟು ಅನ್ನುತ್ತಿದ್ದರು. ನಮ್ಮ ಕಡೆ ಅದು ಹಳ್ಳ ಬತ್ತಿದಾಗಲೇ ಬರುತ್ತಿತ್ತು, ಬಂದ ಸಾಹೇಬರ ಚಪ್ಪಲಿಗೆ ಹನಿ ನೀರು ತಾಗುತ್ತಿರಲಿಲ್ಲ. ಅವರು ಹಾರ ಹಾಕಿಸಿಕೊಂಡು ಒಂದು ಅಡಿಗಲ್ಲು ಇಟ್ಟು ಹೋಗುತ್ತಿದ್ದರು. ಹಾಗೆ ಇಟ್ಟ ಕಲ್ಲೊಂದರ ಮೇಲೆ ನಾವು ಅರಿವೆ ಒಗೆಯುತ್ತಿದ್ದೆವು. ಅಕ್ಷರ ಕೆತ್ತಿದ ಮಗ್ಗುಲು ಒರಟಾಗಿದ್ದರಿಂದ ಕೊಳೆ ಚಲೋ ಬಿಡುತ್ತಿತ್ತು.

ಆ ಕಲ್ಲಿಟ್ಟ ಸಾಹೇಬರಿಗೆ ಇಡೀ ಊರಿನ ಪರವಾಗಿ ಎಲೆ ಹಿಡಿದವನು ನನ್ನ ಅಪ್ಪ. ಎಲೆ ಹಿಡಿಯುವುದು ಅಂದರೆ ಏನೆಂದು ಈಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಾತು ಕೊಡುವುದಕ್ಕೆ ಕಾಗದ ಬೇಕಾಗುತ್ತಿರಲಿಲ್ಲ. ಎರಡು ವೀಳ್ಯದೆಲೆ, ಅದರ ಮೇಲೆ ಒಡೆಯದ ಇಡೀ ಅಡಿಕೆ. ಎತ್ತು ಮಾರುವವನಿರಲಿ, ಹೆಣ್ಣು ಕೊಡುವವನಿರಲಿ, ಸಾಕ್ಷಿಯ ಎದುರು ಅದನ್ನು ಅಂಗೈಯಲ್ಲಿ ಹಿಡಿದು ಮುಷ್ಟಿ ಮುಚ್ಚಿದರೆ ಮುಗಿಯಿತು. ಮನಸ್ಸಿಲ್ಲದವನು ಕೈ ಮುಗಿದು ಸುಮ್ಮನಿರಬೇಕು. ಎಲೆಯಡಿಕೆ ಇಡುವ ಚಂಚಿ ಬಿಚ್ಚಿ ಹೋಳಡಿಕೆ ಹಂಚಿ ತಿನ್ನುವುದು ಬೇರೆ, ಅದು ಬಾಯಿಚಪಲ. ಇಡೀ ಅಡಿಕೆ ಅಂದರೆ ಮಾತು.

ಅಪ್ಪ ಎಲೆ ಹಿಡಿದು ಒಮ್ಮೆಯೂ ತಪ್ಪಿದವನಲ್ಲ. ಓದು ಬಾರದ, ಒಂದೇ ಎತ್ತಿದ್ದ ಅವನನ್ನು ಊರಿನ ನ್ಯಾಯಕ್ಕೆ ಮೊದಲು ಕರೆಯುತ್ತಿದ್ದದ್ದು ಅದೊಂದೇ ಕಾರಣಕ್ಕೆ. ಅವನ ಆಸ್ತಿ ಅದೇ ಆಗಿತ್ತು. ಸಾಹೇಬರೂ ಅಪ್ಪನೂ ಗುಡಿಯ ಕಟ್ಟೆಯ ಮೇಲೆ ಒಬ್ಬರಿಗೊಬ್ಬರು ಎಲೆ ಕೊಟ್ಟುಕೊಂಡರು, ಸಾಹೇಬರು ಸೇತುವೆ ಕೊಡಬೇಕು, ಊರು ಓಟು ಕೊಡಬೇಕು. ಊರು ಕೊಟ್ಟಿತು. ಸಾಹೇಬರು ಎಲೆ ತಿಂದು ಉಗುಳಿ ಹೋದರು.

ಎಂಬತ್ತರ ದಶಕದ ನಡುವೆ, ಹಿಂಗಾರಿ ಜೋಳ ತೆನೆಗೆ ಬಂದ ಹೊತ್ತಿಗೆ, ಮತ್ತೆ ದಿಲ್ಲಿ ಓಟು ಬಂತು. ಅದೇ ಸಾಹೇಬರು ಮತ್ತೆ ನಿಂತಿದ್ದರು. ಊರವರೆಲ್ಲ ಕಟ್ಟೆಗೆ ಸೇರಿದರು. ಒಬ್ಬಳು ಮುದುಕಿ ಎಲ್ಲರಿಗಿಂತ ಮೊದಲು ಬಾಯಿ ಬಿಟ್ಟಳು.

"ಮೂಗಿಗೆ ತುಪ್ಪಾ ಹಚ್ಚಿ ಹೋಗ್ತಾರ. ನೆಕ್ಕೇನಂದ್ರ ನಾಲಿಗಿ ಮುಟ್ಟಂಗಿಲ್ಲ."

"ಈ ಕಡೆಯವ್ರೂ ಅಷ್ಟ, ಆ ಕಡೆಯವ್ರೂ ಅಷ್ಟ. ದಿಲ್ಲಿಗೆ ನಮ್ಮ ಹಳ್ಳ ಕಾಣ್ತೈತೇನ್ರಿ?" ಎಂದ ಒಬ್ಬ.

ಮಸೂತಿಯ ಬಾಜೂಕಿನ ಮನೆಯ ಕಾಕಾ ಅಪ್ಪನ ಬಾಲ್ಯದ ಗೆಳೆಯ. ಅವನದೊಂದು ಎತ್ತು, ನಮ್ಮದೊಂದು ಎತ್ತು, ಜೋಡಿ ಕಟ್ಟಿ ಎರಡೂ ಮನೆಯ ಹೊಲ ಉಳುತ್ತಿದ್ದರು. ಅವನು ಅಂದ, "ಹೊಳಿ ದಾಟಿದ ಮ್ಯಾಲ ಅಂಬಿಗನ ಹಂಗ್ಯಾಕ ಅನ್ನೂ ಮಂದಿ ಇವ್ರು. ಈ ಸಲ ಯಾರಿಗೂ ಹಾಕೂದ ಬ್ಯಾಡ."

ಅಪ್ಪ ಕೊನೆಗೆ ಎದ್ದು ನಿಂತ. "ಹೋದ ಸಲ ನಿಮ್ಮೆಲ್ಲಾರ ಪರ ನಾ ಎಲಿ ಹಿಡದೆ. ಮ್ವಾಸ ಹೋದ್ವಿ. ಬ್ರಿಜ್ ಆಗೂತನಕಾ ಈ ಊರಾಗ ಒಂದೂ ಓಟು ಬೀಳೂದ ಬ್ಯಾಡ. ಯಾರ ಎಲೀನೂ ಹಿಡಿಯೂದ ಬ್ಯಾಡ."

ಎಲ್ಲರೂ ಹೂಂ ಅಂದರು. ಆಗ ಓಟಿಗೆ ಇಪ್ಪತ್ತೊಂದು ತುಂಬಬೇಕಿತ್ತು, ನನಗೆ ಓಟಿರಲಿಲ್ಲ. ಆದರೂ ಹೆಂಗಸರ ಹಿಂದೆ ನಿಂತು ನಾನೇ ಜೋರಾಗಿ ಹೂಂ ಅಂದೆ. ಅಪ್ಪನ ಬಗ್ಗೆ ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಲಿಲ್ಲ.

ವಾರ ಕಳೆದಿರಲಿಲ್ಲ, ಮೊರಬದಿಂದ ಬೀಗರು ಬಂದರು. ಬೀಗರು ಅಂದರೆ ನನ್ನ ಅಕ್ಕನ ಮಾವ, ಟ್ರ್ಯಾಕ್ಟರ್ ಇದ್ದ ಮನೆಯವರು, ಸಾಹೇಬರ ಹಿಂದೆ ತಿರುಗುತ್ತಿದ್ದವರು. ಜೊತೆಗೆ ಇಬ್ಬರು. ಮಗಳನ್ನು ಕೊಟ್ಟ ಮನೆಯವರು ಬಂದರೆ ಅವ್ವ ಸುಮ್ಮನಿರುತ್ತಾಳೆಯೇ? ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ, ಮೇಲೆ ಶಾವಿಗೆ ಪಾಯಸ. ಉಣ್ಣುವಾಗ ಬೀಗರು ಓಟಿನ ಸುದ್ದಿ ತೆಗೆಯಲೇ ಇಲ್ಲ. "ನಿಮ್ಮ ಮಗಳು ನಮ್ಮನ್ಯಾಗ ಅಗದಿ ಆರಾಮ ಅದಾಳ್ರಿ" ಎಂದು ಅವ್ವನನ್ನು ಖುಷಿಪಡಿಸಿದರು.

ಊಟ ಮುಗಿಸಿ ಪಡಸಾಲೆಯಲ್ಲಿ ಕೂತು ಬೀಗರು ಚಂಚಿ ಬಿಚ್ಚಿದರು. ಅಪ್ಪ ಅಂಗಳದಲ್ಲಿ ಕಟ್ಟಿದ್ದ ಎತ್ತಿನ ಕಡೆ ಮುಖ ಮಾಡಿ ಅದರ ಗೊರಸಿನ ಹುಣ್ಣಿನ ಸುದ್ದಿ ಹೇಳುತ್ತಿದ್ದ. ಪಕ್ಕದಲ್ಲಿ ಯಾರು ಚಂಚಿ ಬಿಚ್ಚಿದರೂ ಅವನ ಬಲಗೈ ತಾನಾಗಿ ಚಾಚುತ್ತಿತ್ತು, ನಲವತ್ತು ವರ್ಷದ ರೂಢಿ. ಅಂದೂ ಚಾಚಿತು. ಎಲೆ ಬಿತ್ತು, ಕೈ ಮುಚ್ಚಿತು. ಆಮೇಲೆ ಅವನು ಮಾತು ನಿಲ್ಲಿಸಿ ಮುಷ್ಟಿ ನೋಡಿಕೊಂಡ. ಒಳಗೆ ಇಡೀ ಅಡಿಕೆ ಇತ್ತು.

"ಆತ್ ನೋಡ್ರಿ ಬೀಗ್ರ," ಎಂದರು ಅವರು. "ನಿಮ್ಮ ಓಟು ನಮ್ಮ ಸಾಹೇಬ್ರಿಗೆ. ಇವರಿಬ್ರೂ ಸಾಕ್ಷಿ."

"ಇದು ಮ್ವಾಸ ಆತ್ರಿ. ನಾ ನೋಡಲಿಲ್ಲ."

"ಕೈ ನಿಮ್ದ ಅಲ್ಲೇನ್ರಿ? ಒಲ್ಲೆ ಅಂದ್ರ ಈಗ ಕೆಳಗ ಇಡ್ರಿ. ನಮ್ಮ ಬೀಗ್ರು ಎಲಿ ಹಿಡದು ಬಿಟ್ರು ಅಂತ ನಾ ಊರಾಗ ಹೇಳ್ತೇನಿ. ನಿಮ್ಮ ಮಗಳ ಮುಂದನೂ ಹೇಳ್ತೇನಿ."

ನಗುನಗುತ್ತಲೇ ಹೇಳಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನೀರಿನ ತಂಬಿಗೆ ಹಿಡಿದು ನಿಂತಿದ್ದೆ. ಅದನ್ನು ಆ ಮನುಷ್ಯನ ತಲೆಗೆ ಬೀಸಬೇಕು ಅನ್ನಿಸಿತು. ಅಕ್ಕ ಆ ಮನೆಯಲ್ಲಿದ್ದಳು, ಬೀಸಲಿಲ್ಲ.

ಅವರ ಜೀಪು ಹೋದದ್ದೇ ತಡ ಅವ್ವ ಹೊರಗೆ ಬಂದಳು. "ಅದನ್ನ ತಿಪ್ಪಿಗೆ ಒಗೀರಿ. ಮ್ವಾಸದ ಎಲಿಗೆ ಯಾವ ದೇವ್ರೂ ಸಾಕ್ಷಿ ಇಲ್ಲ."

"ಹಿಡದಾಂವ ನಾನ ಅಲ್ಲ?"

"ಊರ ಮುಂದ ಹೇಳಿದ್ದು?"

"ಅದು ಬಾಯಿಮಾತು. ಇದು ಎಲಿ."

"ಮಾತು ಮನಿ ಕೆಡಿಸ್ತು, ತೂತು ಒಲಿ ಕೆಡಿಸ್ತು ಅಂತಾರ. ನಿಮ್ಮ ಎಲಿ ಎರಡೂ ಕೆಡಿಸ್ತೈತಿ. ನನಗೂ ಓಟೈತಿ. ನಾ ಯಾರ ಎಲೀನೂ ಹಿಡದಿಲ್ಲ, ನಾ ಬರಂಗಿಲ್ಲ."

"ನಿಂದು ನಿಂದ. ನಾ ಹಿಡದದ್ದು ನಂದಷ್ಟ."

ನನಗೆ ತಡೆಯಲಾಗಲಿಲ್ಲ. "ಅಪ್ಪಾ, ಆ ಸಾಹೇಬ ನಿನ್ನ ಎಲಿ ಹಿಡದು ತಪ್ಪಿದಾಂವ. ಅಂಥಾವಂಗ ಯಾಕ ನಿಯತ್ತು?"

"ಅಂವ ತಪ್ಪಿದ. ನಾನೂ ಅವನಂಗ ಆಗ್ಲೇನು?"

ಕೈಯಲ್ಲಿದ್ದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದೆ. ಆ ಮಾತಿಗೇ ನನಗೆ ಇನ್ನೂ ಸಿಟ್ಟು. ಅಕ್ಕನ ಸಂಸಾರ ಕೆಟ್ಟೀತೆಂಬ ಹೆದರಿಕೆಯೂ ಅವನಿಗೆ ಇತ್ತೆಂದು ನನಗೆ ಗೊತ್ತು. ಆದರೆ ಅದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಊರು ಅರ್ಧವಾದರೂ ಕ್ಷಮಿಸುತ್ತಿತ್ತು.

ಮರುದಿನ ಬೆಳಿಗ್ಗೆ ಅಪ್ಪ ತಾನೇ ಕಟ್ಟೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಅವನ ಹಿಂದೆಯೇ ನಾನೂ ಹೋಗಿದ್ದೆ. ಕಾಕಾ ಅಂದ, "ಎಲಿ ಹಿಡದೀ ಅಂದಮ್ಯಾಲ ಹೋಗು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮಗ ಬ್ಯಾಡ ಅಂದಾಂವ ನೀ, ಹಾಕಾಕ ಹೋಗಾಂವನೂ ನೀ. ಇನ್ನ ನಿನ್ನ ಎತ್ತು ನಿನಗ, ನನ್ನ ಎತ್ತು ನನಗ."

"ಲೇ, ಹೊಲ ಏನ್ ಮಾಡ್ಲಿ?" ಎಂದ ಅಪ್ಪ.

"ನಿಮ್ಮ ಬೀಗ್ರದು ಟ್ರ್ಯಾಕ್ಟರ್ ಐತಲ್ಲ," ಎಂದು ಕಾಕಾ ಎದ್ದು ಹೋದ. ಸಂಜೆಗೆ ನಮ್ಮ ಅಂಗಳದಲ್ಲಿದ್ದ ತನ್ನ ನೊಗವನ್ನೂ ಒಯ್ದ.

ಓಟಿನ ದಿನ ಶಾಲೆಯ ಕೋಣೆಯಲ್ಲಿ ಸರಕಾರದ ಮಂದಿ ಮಧ್ಯಾಹ್ನದವರೆಗೆ ಆಕಳಿಸುತ್ತ ಕೂತಿದ್ದರು. ಕೆಲಸವಿದ್ದವರೂ ಹೊಲಕ್ಕೆ ಹೋಗಿರಲಿಲ್ಲ, ಕಟ್ಟೆಯ ಮೇಲೆ ಸಾಲಾಗಿ ಕೂತಿದ್ದರು. ಅಪ್ಪ ಜಳಕ ಮಾಡಿ, ವಿಭೂತಿ ಹಚ್ಚಿಕೊಂಡು, ಮದುವೆಗೆ ಉಡುವ ಧೋತರ ಉಟ್ಟು ಹೊರಟ. ಅಷ್ಟೂ ಜನರ ಮುಂದೆ ಒಬ್ಬನೇ ನಡೆದುಹೋಗಿ ಒಬ್ಬನೇ ನಡೆದುಬಂದ. ಬೈದಿದ್ದರೆ ಚಲೋ ಇತ್ತು. ಯಾರೂ ಬೈಯಲಿಲ್ಲ, ಯಾರೂ ಅವನ ಕಡೆ ನೋಡಲೂ ಇಲ್ಲ. ಕಾಕಾ ಬೀಡಿ ಹಚ್ಚುವ ನೆಪದಲ್ಲಿ ಗೋಡೆಯ ಕಡೆ ತಿರುಗಿಕೊಂಡ. ನಾನೂ ಅಪ್ಪನಿಗೆ ಕಾಲಿಗೆ ನೀರು ಕೊಡಲಿಲ್ಲ, ಅವ್ವ ಕೊಟ್ಟಳು.

ಸಾಹೇಬರು ಗೆದ್ದರು. ನಾಲ್ಕು ದಿನಕ್ಕೆ ಬೀಗರು ಪೇಢೆಯ ಪೆಟ್ಟಿಗೆ ಹಿಡಿದುಕೊಂಡು ಬಂದು ಪಡಸಾಲೆಯಲ್ಲಿ ಕೂತರು. ಅಪ್ಪನ ಕೈಗೆ ಒಂದು ಪೇಢೆ ಇಟ್ಟು ನಗತೊಡಗಿದರು.

"ನಿಮ್ಮೂರಿನ ಡಬ್ಬಿಯೊಳಗ ಒಂದ ಚೀಟಿ ಇತ್ತಂತ್ರಿ. ಹೇಳಿದ್ರ ಸಾಹೇಬ್ರು ಹೊಟ್ಟಿ ಹಿಡಕೊಂಡು ನಕ್ಕರು. ಊರೆಲ್ಲಾ ಒಲ್ಲೆ ಅಂದ್ರೂ ಒಬ್ಬನ ಹೋಗಿ ಹಾಕಿ ಬಂದನಲ್ಲ, ಯಾವನಪಾ ಆ ಹುಚ್ಚ ಅಂತ ಕೇಳಿದ್ರು."

ಅಪ್ಪ ಪೇಢೆ ಹಿಡಿದುಕೊಂಡೇ ಇದ್ದ. "ನೀವು ಏನಂದ್ರಿ?"

"ನಾ ಏನ್ ಅನ್ಲಿ ಬಿಡ್ರಿ. ದೊಡ್ಡ ದೊಡ್ಡ ಮಂದಿ ಕುಂತಿದ್ರು. ನಮ್ಮ ಬೀಗ್ರು ಅಂತ ಹೆಂಗ ಹೇಳೂದು? ಯಾವನೋ ಇರಬೇಕ್ರಿ ಅಂದೆ. ನಾನೂ ನಕ್ಕೆ."

ಅಪ್ಪ ಪೇಢೆಯನ್ನು ವಾಪಸು ಪೆಟ್ಟಿಗೆಯಲ್ಲಿಟ್ಟ. ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ಬೀಗರಿಗೆ ಊಟಕ್ಕ ಹಾಕು" ಎಂದು ಅವ್ವನಿಗೆ ಹೇಳಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. ಬೀಗರನ್ನು ಒಬ್ಬರೇ ಉಣ್ಣಲು ಬಿಟ್ಟು ಅವನು ಎದ್ದದ್ದು ಅದೇ ಮೊದಲು. ಮುಂದಿನ ಬಾಗಿಲಿಗೆ ಹೋಗುತ್ತಾನೆ ಅಂದುಕೊಂಡೆ. ಅತ್ತ ಕಟ್ಟೆಯ ಮೇಲೆ ಮಂದಿ ಇದ್ದರು. ಅವನು ಹಿತ್ತಲ ಬಾಗಿಲು ತೆಗೆದು, ತಿಪ್ಪೆಯ ಪಕ್ಕದ ಹಾದಿ ಹಿಡಿದು ಹೊಲಕ್ಕೆ ಹೋದ. ಆಮೇಲೆ ಸಾಯುವತನಕ ಅದೇ ಹಾದಿಯಲ್ಲಿ ನಡೆದ.