ಕೆರೆಯ ಬೇರು ಕುದಿಸಿದ ಹಂಡೆ

ನಮ್ಮ ಮಾವ ಗುರುಬಸಪ್ಪನವರಿಗೆ ಹೇಸಿಗೆ ಎನ್ನುವುದೇ ಗೊತ್ತಿಲ್ಲ. ಬಚ್ಚಲ ಜಾಲರಿಗೆ ಸಿಕ್ಕಿಕೊಂಡ ಕೂದಲಿನ ಉಂಡೆಯನ್ನು ಬರಿಗೈಯಲ್ಲಿ ಎಳೆದು ತೆಗೆದು, ಆ ಕೈಯನ್ನು ಲುಂಗಿಗೆ ಒರೆಸಿಕೊಂಡು, ನೇರವಾಗಿ ಬಂದು ಚಪಾತಿ ಮುರಿಯುತ್ತಾರೆ. ಕೆಲಸದಲ್ಲಿದ್ದಷ್ಟು ಕಾಲವೂ ಬಸ್ ಡಿಪೋದಲ್ಲಿ ಇಂಜಿನ್ನಿನ ಕೆಳಗೆ ಮಲಗಿದವರು. ಗ್ರೀಸು, ಡೀಸೆಲ್ಲು, ಚಕ್ರಕ್ಕೆ ಮೆತ್ತಿಕೊಂಡು ಬಂದ ಊರೂರಿನ ಕೊಳಕೆಲ್ಲ ಮೈಮೇಲೆ ತೊಟ್ಟಿಕ್ಕಿದ ಮೇಲೆ ಹೇಸಿಗೆ ಉಳಿಯುವುದಾದರೂ ಎಲ್ಲಿ ಎಂದು ನನ್ನ ಗಂಡ ರೇವಂತ್ ಸಮಜಾಯಿಷಿ ಕೊಡುತ್ತಾರೆ. ಕೊಟ್ಟು ಆಫೀಸಿಗೆ ಹೋಗಿಬಿಡುತ್ತಾರೆ. ಮೂರು ತಿಂಗಳ ಮಗುವನ್ನು ಎತ್ತಿಕೊಂಡು ಇದನ್ನೆಲ್ಲ ನೋಡುತ್ತಾ ಕೂರಬೇಕಾದವಳು ನಾನು.

ನಿವೃತ್ತರಾದ ಮೇಲೆ ಮಾವನಿಗೆ ಮೀನಿನ ಹುಚ್ಚು ಹಿಡಿಯಿತು. ಗೋವಿಂದರಾಜನಗರದ ನಮ್ಮ ಮನೆಯ ಹಾಲ್‌ನಲ್ಲಿ, ಟಿವಿ ಪಕ್ಕದಲ್ಲೇ ಗಾಜಿನ ತೊಟ್ಟಿ. ಅದರಲ್ಲೊಂದು ಏಂಜೆಲ್ ಮೀನು ಇನ್ನೊಂದನ್ನು ಅಟ್ಟಿಸಿಕೊಂಡು ಹೋಗಿ ಬಾಲ ಕಚ್ಚುತ್ತಿತ್ತು. ಒಂದು ಮರದ ಬೇರು ಇಟ್ಟರೆ ಹೆದರಿದ ಮೀನಿಗೆ ಅಡಗಲು ಜಾಗವಾಗುತ್ತದೆ ಎಂದು ಯಾರೋ ಹೇಳಿದರು. ಅಂಗಡಿಯ ಬೇರು ಇವರ ಕಣ್ಣಿಗೆ ಹಿಡಿಸಲಿಲ್ಲ. ಮಲ್ಲತ್ತಹಳ್ಳಿ ಕೆರೆಯ ಕಡೆ ವಾಕಿಂಗ್ ಹೋದವರು ಗೋಣಿಚೀಲದಲ್ಲಿ ಒಂದನ್ನು ಹೊತ್ತುಕೊಂಡು ಬಂದರು.

"ನೋಡಮ್ಮ ಚೈತ್ರ, ಜಿಂಕೆ ಕೊಂಬು ಇದ್ದಂಗಿಲ್ವಾ?"

ಜಿಂಕೆ ಕೊಂಬಿನಿಂದ ಕರೀ ಲೋಳೆ ಇಳಿಯುತ್ತಿತ್ತು. ಕವಲಿನಲ್ಲಿ ಹರಿದ ಪ್ಲಾಸ್ಟಿಕ್ ಕವರು, ಅದರೊಳಗೆ ಏನೋ ಮೆತ್ತಗಿನದು.

"ಮಾವ, ದಯವಿಟ್ಟು ಒಳಗೆ ತರಬೇಡಿ. ನಾತ ಹೊಡೀತಿದೆ."

"ನೀರಲ್ಲಿ ಬಿದ್ದಿದ್ದ ಮರ ಇನ್ನೇನು ಮಲ್ಲಿಗೆ ವಾಸ್ನೆ ಬರುತ್ತಾ?"

ಆದರೆ ಮೀನಿನ ವಿಷಯಕ್ಕೆ ಬಂದರೆ ಇವರಷ್ಟು ಮಡಿಯವರು ಇನ್ನೊಬ್ಬರಿಲ್ಲ. ಮಗುವಿನ ಹಾಲಿನ ಬಾಟಲಿ ಕುದಿಸುತ್ತಿದ್ದರೆ "ಇದೆಲ್ಲ ಎಂಥ ನಾಟಕ" ಎನ್ನುವವರು, ಬೇರಿಗಾಗಿ ಫೋನಿನಲ್ಲಿ ವಿಡಿಯೊ ಮೇಲೆ ವಿಡಿಯೊ ನೋಡಿದರು. ಮೊದಲು ಬ್ರಷ್ಷಿನಿಂದ ಉಜ್ಜಬೇಕಂತೆ, ಸೋಪು ಮಾತ್ರ ತಾಗಿಸಬಾರದಂತೆ. ಆಮೇಲೆ ಚೆನ್ನಾಗಿ ಕುದಿಸಬೇಕು. ಆಮೇಲೆ ನೀರಿನಲ್ಲಿ ನೆನೆಹಾಕಿ, ಬಣ್ಣ ಬಿಡುವುದು ನಿಲ್ಲುವ ತನಕ ನೀರು ಬದಲಾಯಿಸುತ್ತಲೇ ಇರಬೇಕು. ನನ್ನ ಹಲ್ಲುಜ್ಜುವ ಬ್ರಷ್ಷಿನ ಪಕ್ಕದಲ್ಲಿದ್ದ ಹಳೇ ಬ್ರಷ್ಷು ಕಾಣೆಯಾದದ್ದು ಆಗಲೇ.

ಕುದಿಸಿದ್ದು ಎಲ್ಲಿ ಎನ್ನುವುದು ಮಾತ್ರ ನನಗೆ ಗೊತ್ತಾಗಲಿಲ್ಲ.

ಮನೆಯ ಹಿಂದಿನ ಸಂದಿಯಲ್ಲಿ ಸೌದೆ ಒಲೆ, ಅದರ ಮೇಲೆ ತಾಮ್ರದ ಹಂಡೆ. ದಿನಾ ಅದರಲ್ಲಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕಿ ಮಗುವಿನ ಸ್ನಾನಕ್ಕೆ ನೀರು ಕಾಯಿಸುವುದು ನಮ್ಮತ್ತೆ. ಅವರು ಕೆಂಗೇರಿಯ ತಂಗಿಯ ಮನೆಗೆ ಹೋಗಿದ್ದರು. ಅವತ್ತು ಆ ಕೆಲಸ ನನ್ನದು. ಮಗು ಎದ್ದು ಅತ್ತದ್ದರಿಂದ ತಡವಾಗಿ, ಸೊಪ್ಪು ಇನ್ನೂ ಫ್ರಿಜ್ಜಿನಲ್ಲೇ ಇತ್ತು. ಅಷ್ಟರಲ್ಲಿ ಕಾಮಾಕ್ಷಿಪಾಳ್ಯದಿಂದ ಮಗುವಿಗೆ ಎರೆಯಲು ಬರುವ ಮುನಿತಾಯಮ್ಮ ಬಂದರು. ಹಿಂದೆ ಒಲೆಯ ಹೊಗೆ ಕಂಡು, ಮಾವ ನೀರು ಕಾಯಲಿಟ್ಟಿರಬೇಕು, ಒಂದು ದಿನ ಸೊಪ್ಪಿಲ್ಲದಿದ್ದರೂ ಸರಿ ಎಂದುಕೊಂಡು, ಮಗುವನ್ನು ಅವರ ಕೈಗಿತ್ತು ನಾನು ಎರಡು ತುತ್ತು ತಿನ್ನಲು ಕೂತೆ.

ಎರೆದು ತಂದು ಮಡಿಲಿಗೆ ಹಾಕುತ್ತಾ ಮುನಿತಾಯಮ್ಮ ಅಂದರು:

"ಇವತ್ತು ಸೊಪ್ಪು ಚೆನ್ನಾಗಿ ಇಳಿದಿತ್ತು ಕಣವ್ವ. ನೀರು ಒಳ್ಳೇ ಚಾ ಇದ್ದಂಗಿತ್ತು."

"ಸೊಪ್ಪಾ? ನಾನಿನ್ನೂ ಹಾಕೇ ಇಲ್ವಲ್ಲ!"

ಮಗುವಿನ ನೆತ್ತಿಗೆ ಮೂಗಿಟ್ಟೆ. ಬೇವಿನ ಕಹಿ ವಾಸನೆಯಲ್ಲ. ಮಳೆಗೆ ನೆನೆದ ಗೋಣಿಚೀಲದ ವಾಸನೆ, ಅದರಡಿಯಲ್ಲಿ ಚರಂಡಿ. ಮೈ ಒರೆಸಿದ ಬಿಳಿ ಪಂಚೆಯ ಮೇಲೆಲ್ಲ ಕಂದು ಕಲೆ. ಹಿಂದಕ್ಕೆ ಓಡಿ ಹಂಡೆಯೊಳಗೆ ಇಣುಕಿದೆ. ತಳದಲ್ಲಿ ತೊಗಟೆ ಚೂರುಗಳು, ಬೆಂದು ಬಿಳಿಚಿಕೊಂಡ ಎರಡು ಹುಳು. ತಿಂದ ಉಪ್ಪಿಟ್ಟೆಲ್ಲ ಅಲ್ಲೇ ಕಕ್ಕಿಕೊಂಡೆ.

ಬೇರನ್ನು ಮಹಡಿಯ ಮೇಲೆ ಬಕೆಟ್ಟಿಗೆ ಹಾಕಲು ಹೋಗಿದ್ದ ಮಾವ ಗಲಾಟೆ ಕೇಳಿ ಇಳಿದು ಬಂದರು.

"ಏನೂ ಆಗಲ್ಲ ಬಿಡಮ್ಮ. ಎರಡು ಗಂಟೆ ಕುದಿಸಿದೀನಿ. ಯಾವ ಕ್ರಿಮಿ ಉಳಿಯುತ್ತೆ?"

"ಹಾಗಾದ್ರೆ ಆ ನೀರಿಗೆ ನಿಮ್ಮ ಮೀನು ಬಿಡ್ತೀರಾ?"

"ಅಯ್ಯೋ, ಈಗ್ಲೇ ಬಿಡೋಕಾಗುತ್ತಾ? ಸತ್ತೋಗ್ತವೆ!"

ಅಂದವರು ಅಲ್ಲಿಗೇ ನಿಂತುಬಿಟ್ಟರು. ಮುನಿತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಮೀನು ಸಾಯೋ ನೀರಾ ಸಾಮಿ, ನನ್ನ ಕೈಲಿ ಮಗೀಗೆ ಹುಯ್ಸಿದ್ದು?" ಎಂದು ಗೊಣಗುತ್ತಾ ತಮ್ಮ ಕೈಯನ್ನೇ ಮೂಸಿ ನೋಡಿಕೊಂಡರು.

ನಾನು ಗೀಸರ್ ನೀರು ಹಿಡಿದು, ಮಗುವನ್ನು ಮೊದಲ ಬಾರಿಗೆ ನನ್ನ ಕಾಲ ಮೇಲೇ ಮಲಗಿಸಿಕೊಂಡು, ಕಿವಿಯ ಹಿಂದೆ, ಕತ್ತಿನ ಮಡಿಕೆ, ಬೆರಳ ಸಂದಿ ಎಲ್ಲ ತೊಳೆದೆ. ಡಾಕ್ಟರಿಗೆ ಫೋನ್ ಮಾಡಿದರೆ, ಸಂಜೆಯ ತನಕ ನೋಡಿ, ಗುಳ್ಳೆ ಎದ್ದರೆ, ಕಣ್ಣು ಕೆಂಪಾದರೆ ಕರ್ಕೊಂಡು ಬನ್ನಿ ಎಂದರು. ಹಾಗಾಗಿ ಅವತ್ತು ಹಗಲೆಲ್ಲ ನನ್ನ ಕೆಲಸ ಅಂಗಿ ಎತ್ತಿ ನೋಡುವುದು, ಇಳಿಸುವುದು, ಮತ್ತೆ ಎತ್ತುವುದು. ಸೊಳ್ಳೆ ಕಚ್ಚಿದ ಗುರುತು ಕಂಡರೂ ಕಿಟಕಿಯ ಬೆಳಕಿಗೆ ಎತ್ತಿಕೊಂಡು ಹೋಗಿ ನೋಡುತ್ತಿದ್ದೆ.

ಮಾವ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಸದ್ದು ಕೇಳುತ್ತಿತ್ತು. ಮಧ್ಯೆ ಮಧ್ಯೆ ಬಾಗಿಲ ತನಕ ಬಂದು "ಅಳ್ತಾ ಇಲ್ವಲ್ಲಮ್ಮ?" ಎಂದು ಕೇಳಿ ಹೋಗುವರು. ಊಟಕ್ಕೂ ಕೂರಲಿಲ್ಲ. ಮೀನಿನ ತೊಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ.

ಸಂಜೆಯಾದರೂ ಮಗುವಿನ ಮೈ ನುಣ್ಣಗೇ ಇತ್ತು. ಕಾಲು ಒದೆದುಕೊಂಡು ನಗುತ್ತಿತ್ತು. ಸದ್ಯ ಎಂದುಕೊಂಡು ತಲೆಯೆತ್ತಿದರೆ ಮಾವ ಎದುರಿಗೆ ನಿಂತಿದ್ದರು. ಎರಡೂ ಕೈಗಳನ್ನು ಮುಂದೆ ಚಾಚಿದ್ದರು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸೋಪ್ ಹಾಕಿ ತೊಳ್ದಿದೀನಿ. ಲುಂಗಿಗೆ ಒರೆಸಿಲ್ಲ. ಒಂದ್ನಿಮಿಷ ಕೊಡ್ತೀಯೇನಮ್ಮ?"

ಮಗುವನ್ನು ಎದೆಗೊತ್ತಿಕೊಂಡು ಆ ಕೈಗಳನ್ನು ನೋಡಿದೆ. ಉಗುರಿನ ಸಂದಿಯಲ್ಲಿ ಕೆರೆಯ ಕಪ್ಪು ಹಾಗೇ ಕೂತಿತ್ತು.

"ಉಗುರು, ಮಾವ," ಅಂದೆ.

ಅವರು ಬೆರಳುಗಳನ್ನು ಬೆಳಕಿಗೆ ಹಿಡಿದು ಒಂದೊಂದಾಗಿ ನೋಡಿಕೊಂಡರು. ಬಚ್ಚಲಿಗೆ ವಾಪಸ್ ಹೋದರು.