ಎಡೆಗೆ ಮೊದಲು ಮುರಿದ ತುಣುಕು

ನನ್ನ ಸಕ್ಕರೆ ಕಾಯಿಲೆಗೆಂದು ಮೊಮ್ಮಗಳು ಈ ಯುಗಾದಿಗೆ ಹೆಸರುಬೇಳೆಯ ಹೋಳಿಗೆ ಮಾಡುತ್ತಿದ್ದಳು. ಬೆಲ್ಲ ಕಡಿಮೆ, ಎಣ್ಣೆ ಇಲ್ಲವೇ ಇಲ್ಲ. ಆ ವಾಸನೆ ಬಂದದ್ದೇ ನಿಜಾಮರ ಕಾಲದ ಘತ್ತರಗಿಯ ನಮ್ಮ ಅಡುಗೆಮನೆಗೆ ಹೋಗಿಬಿಟ್ಟೆ.

ತಂಗಿ ಶಾಂತವ್ವ ಬಹಳ ದಿನದಿಂದ ಜ್ವರದಲ್ಲಿ ಮಲಗಿದ್ದಳು. ಗಂಜಿಯನ್ನೂ ಒಲ್ಲೆ ಎನ್ನುತ್ತಿದ್ದವಳು ಯುಗಾದಿಯ ಬೆಳಿಗ್ಗೆ ಹೋಳಿಗೆ ಕೇಳಿದಳು. ಕಡಲೆಬೇಳೆ, ತುಪ್ಪ ಕೊಡಬೇಡಿರೆಂದು ಹಕೀಮರು ಹೇಳಿದ್ದರು. ಅವ್ವ ಹೆಸರುಬೇಳೆ ಬೇಯಿಸಿ, ಚೂರೇ ಬೆಲ್ಲ ಹಾಕಿ ರುಬ್ಬಿ, ಕಣಕದಲ್ಲಿ ತುಂಬಿ, ತೆಳ್ಳಗೆ ಲಟ್ಟಿಸಿ ಒಣ ಹೆಂಚಿನ ಮೇಲೆ ಸುಟ್ಟಳು. ಮೊದಲಿನ ಎರಡನ್ನು ಅಜ್ಜಿ ಎಡೆಗೆಂದು ಭಾಗ್ಯವಂತಿ ದೇವಿಯ ಗುಡಿಗೆ ಒಯ್ದಳು. ಅವಳು ಮರಳುವ ತನಕ ಮನೆಯಲ್ಲಿ ಯಾರೂ ಬಾಯಿಗಿಡುವಂತಿರಲಿಲ್ಲ. ಗುಡಿಯಲ್ಲಿ ಅಂದು ಕಾಲಿಡಲೂ ಜಾಗವಿರಲಿಲ್ಲ, ಅಜ್ಜಿ ಬರುವುದು ತಡವಾಯಿತು.

“ಯವ್ವಾ, ಒಂದ ತುಣುಕ ಕೊಡು,” ಎಂದಳು ಶಾಂತವ್ವ.

“ಎಡಿ ಆಗ್ಲಿ ಬೇ, ಅಜ್ಜಿ ಬರಾಕತ್ತಾಳ.” ಅವ್ವ ಅವಳ ತುಟಿಗೆ ನೀರು ಹಚ್ಚಿ ಬಾಗಿಲಿಗೆ ಓಡುತ್ತಿದ್ದಳು, ಮತ್ತೆ ಬರುತ್ತಿದ್ದಳು.

ಅವ್ವ ಬಾಗಿಲಲ್ಲಿದ್ದಾಗ ನಾನು ಉಳಿದ ಹೋಳಿಗೆಗಳ ಬುಟ್ಟಿಯ ಬಟ್ಟೆ ಸರಿಸಿ ಒಂದು ತುಣುಕು ಮುರಿದೆ. ಶಾಂತವ್ವ ಬಾಯಿ ತೆರೆದಳು. ದೇವಿ ಸಿಟ್ಟಾದಾಳೆಂದು ಹೆದರಿ, ಅದನ್ನು ಬುಟ್ಟಿಗೇ ಹಾಕಿದೆ. ಅಜ್ಜಿ ಪ್ರಸಾದ ತಂದಾಗ ಆ ಬಾಯಿ ಹಾಗೇ ತೆರೆದಿತ್ತು. ಅವ್ವ ಇಟ್ಟ ತುಣುಕು ಒಳಗಿಳಿಯಲಿಲ್ಲ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಈಗ ಮೊಮ್ಮಗಳ ಮಗಳು ಒಲೆಯ ಬಳಿ ಕೈ ಚಾಚಿ ನಿಂತಿದ್ದಳು.

“ಎಡಿ ಆಗ್ಲಿ, ತಡಿ,” ಎಂದಳು ಅವಳ ತಾಯಿ.

ನಾನು ಎದ್ದು ಹೋಗಿ, ಬಿಸಿ ಹೋಳಿಗೆ ಮುರಿದು ಮಗುವಿನ ಬಾಯಿಗಿಟ್ಟೆ. ನುಂಗುವ ತನಕ ನೋಡುತ್ತಾ ನಿಂತೆ.