ಅಂಗೈ ಮೇಲೆ ಮಲಗಿದ ಟ್ರಂಪೆಟ್

ಮದುವೆ ಬ್ಯಾಂಡಿನಲ್ಲಿ ಹನ್ನೆರಡು ವರ್ಷದಿಂದ ಟ್ರಂಪೆಟ್ ಊದುತ್ತಿದ್ದೇನೆ. ಏರುಸ್ವರಕ್ಕೆ ಹೋದಾಗಲೆಲ್ಲ ತುಟಿ ಒಡೆದು ರಕ್ತ ಬರುತ್ತಿತ್ತು. ಈ ಕಸುಬೇ ಹೀಗೆ ಅಂದುಕೊಂಡಿದ್ದೆ.

ಹೋದ ತಿಂಗಳು ಟ್ರಂಪೆಟ್ಟಿನ ನೆಗ್ಗು ತೆಗೆಸಲು ಹುಣಸೂರಿನ ರಿಪೇರಿ ಸಾಬರ ಹತ್ತಿರ ಹೋದೆ. ನನ್ನ ತುಟಿ ನೋಡಿ, "ವಾದ್ಯಾನ ಮುಖಕ್ಕೆ ಯಾಕಪ್ಪ ಒತ್ತೀಯ? ಉಸಿರಲ್ಲಿ ಊದು," ಅಂದರು. ನಾನು ನಕ್ಕೆ.

ಅವರು ಟ್ರಂಪೆಟ್ಟನ್ನು ಅಂಗೈ ಮೇಲೆ ಸುಮ್ಮನೆ ಮಲಗಿಸಿ, ಹಿಡಿಯದೆಯೇ ತುಟಿಗೆ ತಾಗಿಸಿ ಊದಿದರು. ನನಗೆ ಎಟುಕದ ಸ್ವರ ಸಲೀಸಾಗಿ ಹೊರಟಿತು. ನಾನೂ ಹಾಗೇ ಊದಿದೆ. ಬರೀ ಗಾಳಿ ಬಂತು.

"ದಿನಾ ಕಾಲು ಗಂಟೆ ಹಿಂಗೇ ಊದು. ತುಟಿ ನೊಂದ್ರೆ ನಿಲ್ಸು," ಅಂದರು.

ಅಂದು ಸಂಜೆ ಕೆ.ಆರ್. ನಗರದ ಮದುವೆಯಲ್ಲಿ ಒತ್ತಲು ಹೆದರಿ ಮೆಲ್ಲಗೆ ಊದಿದೆ. ಹೆಣ್ಣಿನ ತಂದೆ ಕೈ ಹಿಡಿದುಕೊಂಡು, "ಬಾಳ ಚೆನ್ನಾಗಿತ್ತು ಕಣಪ್ಪ, ನೆಂಟ್ರು ಮಾತಾಡಿದ್ದೆಲ್ಲ ಕೇಳುಸ್ತು," ಅಂದರು.